ಇಪ್ಪತ್ತೆರಡರ ಹುಡುಗನಿಗೆ ಹೊರದೇಶದಲ್ಲಿ ಕಾರು ಬಾಡಿಗೆಗೆ ಸಿಗುತ್ತಾ?

ಹದಿನೆಂಟು ತುಂಬಿತು, ಲೈಸೆನ್ಸ್ ಬಂತು, ಓಡಿಸೋಕೂ ಚೆನ್ನಾಗಿ ಬರುತ್ತದೆ. ಹಾಗಿದ್ದ ಮೇಲೆ ಹೊರದೇಶಕ್ಕೆ ಹೋದಾಗ ಒಂದು ಕಾರು ಬಾಡಿಗೆಗೆ ತೆಗೆದುಕೊಂಡು ಮಗನೋ ಮಗಳೋ ಓಡಿಸಿದರೆ ಆಯ್ತಲ್ಲ, ಅದರಲ್ಲೇನು ಕಷ್ಟ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಟಿಕೆಟ್, ಹೋಟೆಲ್ ಎಲ್ಲ ಬುಕ್ ಆಗಿರುತ್ತದೆ. ವಿಮಾನ ಇಳಿದು ಬಾಡಿಗೆ ಕಾರಿನ ಕೌಂಟರ್ ಮುಂದೆ ನಿಂತಾಗ ಗೊತ್ತಾಗುತ್ತದೆ, ಬುಕಿಂಗ್‌ನಲ್ಲಿ ಕಂಡ ಮೊತ್ತಕ್ಕೂ ಈಗ ಕೇಳುತ್ತಿರುವ ಮೊತ್ತಕ್ಕೂ ಸಂಬಂಧವೇ ಇಲ್ಲ. ಕೆಲವೊಮ್ಮೆ ಕಾರೇ ಇಲ್ಲ.

ಇದನ್ನು ಅರ್ಥ ಮಾಡಿಕೊಳ್ಳಲು ಒಂದು ವಿಷಯ ತಲೆಯಲ್ಲಿಟ್ಟುಕೊಂಡರೆ ಸಾಕು. ಚಿಕ್ಕ ವಯಸ್ಸಿನವರು ಬಾಡಿಗೆ ಕಾರು ಓಡಿಸಬೇಕಾದರೆ ಮೂರು ಕಡೆಯಿಂದ ಒಪ್ಪಿಗೆ ಬೇಕು. ಒಂದು ಆ ದೇಶದ ಕಾನೂನು. ಎರಡನೆಯದು ಬಾಡಿಗೆ ಕಂಪನಿ. ಮೂರನೆಯದು ವಿಮೆ. ಕಾನೂನು 18 ಸಾಕು ಅನ್ನಬಹುದು, ಕಂಪನಿ 21 ಆಗಬೇಕು ಅನ್ನಬಹುದು, ನೀವು ಹೊರಗಿನಿಂದ ತೆಗೆದುಕೊಂಡ ವಿಮೆ 25ಕ್ಕಿಂತ ಕೆಳಗಿನವರಿಗೆ ಅನ್ವಯಿಸುವುದಿಲ್ಲ ಅನ್ನಬಹುದು. ಇಬ್ಬರು ಒಪ್ಪಿದರು ಅಂತ ಮೂರನೆಯವರೂ ಒಪ್ಪಿದ್ದಾರೆ ಅಂದುಕೊಳ್ಳುವುದರಲ್ಲೇ ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು.

ಮೊದಲು ಕಾನೂನು

ಒಂದು ದೇಶದ ಲೈಸೆನ್ಸ್ ಇನ್ನೊಂದು ದೇಶದಲ್ಲಿ ನಡೆಯುವುದಕ್ಕೆ ಆಧಾರ ಎರಡು ಅಂತರರಾಷ್ಟ್ರೀಯ ಒಪ್ಪಂದಗಳು. ಒಂದು 1949ರ ಜಿನೀವಾ ಒಪ್ಪಂದ, ಇನ್ನೊಂದು 1968ರ ವಿಯೆನ್ನಾ ಒಪ್ಪಂದ. ನಾವು ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್, ಚಿಕ್ಕದಾಗಿ ಐಡಿಪಿ ಅಂತ ಕರೆಯುವ ಪುಟ್ಟ ಪುಸ್ತಕ ಹುಟ್ಟಿದ್ದು ಇಂಥ ಒಪ್ಪಂದಗಳಿಂದಲೇ. ಅದು ಹೊಸ ಲೈಸೆನ್ಸ್ ಏನಲ್ಲ. ನಿಮ್ಮ ಲೈಸೆನ್ಸ್‌ನಲ್ಲಿ ಇರುವುದನ್ನು ಬೇರೆ ಬೇರೆ ಭಾಷೆಗಳಲ್ಲಿ ಹೇಳುವ ಕಾಗದ ಅಷ್ಟೇ. ಹಾಗಾಗಿ ಐಡಿಪಿ ಇದ್ದು ಮೂಲ ಲೈಸೆನ್ಸ್ ಮನೆಯಲ್ಲಿ ಬಿಟ್ಟು ಬಂದರೆ ಏನೂ ಪ್ರಯೋಜನವಿಲ್ಲ. ಫೋನ್‌ನಲ್ಲಿರುವ ಲೈಸೆನ್ಸ್ ತೋರಿಸಿದರೂ ಬಹಳ ಕಡೆ ಒಪ್ಪುವುದಿಲ್ಲ. ಕಾರ್ಡೇ ಕೈಯಲ್ಲಿರಬೇಕು.

1949ರ ಮಾದರಿಯ ಐಡಿಪಿಗೆ ಒಂದು ವರ್ಷ ಆಯಸ್ಸು. 1968ರ ಮಾದರಿಯದು ಹೆಚ್ಚೆಂದರೆ ಮೂರು ವರ್ಷ, ಅದೂ ಮೂಲ ಲೈಸೆನ್ಸ್ ಅವಧಿ ಮುಗಿಯುವ ತನಕ ಮಾತ್ರ. ಯಾವ ದೇಶಕ್ಕೆ ಯಾವ ಮಾದರಿ ಅನ್ನುವುದು ಮುಖ್ಯ. ಜಪಾನ್ 1949ರದನ್ನು ಮಾತ್ರ ಒಪ್ಪುತ್ತದೆ. ಜರ್ಮನಿ, ಫ್ರಾನ್ಸ್, ಸ್ವಿಟ್ಜರ್ಲೆಂಡ್‌ನಂಥ ಕೆಲವು ದೇಶಗಳ ಲೈಸೆನ್ಸ್ ಇದ್ದವರು ಅಲ್ಲಿ ಐಡಿಪಿ ಬದಲು ಜಪಾನಿ ಭಾಷೆಯ ಅಧಿಕೃತ ಅನುವಾದ ಇಟ್ಟುಕೊಳ್ಳಬೇಕು. ಚೀನಾದ ಮುಖ್ಯ ಭೂಭಾಗದಲ್ಲಂತೂ ಐಡಿಪಿಗೆ ಬೆಲೆಯೇ ಇಲ್ಲ, ಅಲ್ಲಿನ ತಾತ್ಕಾಲಿಕ ಲೈಸೆನ್ಸ್ ಮಾಡಿಸಬೇಕು. ಐಡಿಪಿಯನ್ನು ಮೂಲ ಲೈಸೆನ್ಸ್ ಕೊಟ್ಟ ದೇಶದಲ್ಲೇ, ಅಲ್ಲಿ ಅಧಿಕಾರ ಇರುವ ಕಚೇರಿ ಅಥವಾ ಸಂಘದಿಂದಲೇ ಪಡೆಯಬೇಕು. ಆನ್‌ಲೈನ್‌ನಲ್ಲಿ ಹತ್ತು ನಿಮಿಷದಲ್ಲಿ "ಅಂತರರಾಷ್ಟ್ರೀಯ ಲೈಸೆನ್ಸ್" ಮಾಡಿಕೊಡುತ್ತೇವೆ ಅನ್ನುವವರ ಹತ್ತಿರ ಹೋಗಲೇಬೇಡಿ. ನೋಡೋಕೆ ಚೆಂದ ಇರುತ್ತದೆ, ಪೊಲೀಸರ ಮುಂದೆ ನಿಲ್ಲುವುದಿಲ್ಲ.

ಇನ್ನು ವಯಸ್ಸಿನ ಮಾತು. ಕೆಲವು ದೇಶಗಳಲ್ಲಿ 16, 17ಕ್ಕೇ ಲೈಸೆನ್ಸ್ ಕೊಡುತ್ತಾರೆ. ಅದು ಗಡಿ ದಾಟಿದರೂ ನಡೆಯುತ್ತದೆ ಅಂತ ಭಾವಿಸಬಾರದು. 18 ತುಂಬದವರ ಲೈಸೆನ್ಸನ್ನು ತಿರಸ್ಕರಿಸುವ ಹಕ್ಕನ್ನು ವಿಯೆನ್ನಾ ಒಪ್ಪಂದ ಪ್ರತಿ ದೇಶಕ್ಕೂ ಕೊಟ್ಟಿದೆ. ಅಮೆರಿಕದಲ್ಲಿ ಎರಡು ವರ್ಷದಿಂದ ಕಾರು ಓಡಿಸುತ್ತಿರುವ ಹದಿನೇಳರ ಹುಡುಗಿ ಯುರೋಪಿನ ಬಹುತೇಕ ಕಡೆ ಸ್ಟಿಯರಿಂಗ್ ಮುಟ್ಟುವಂತಿಲ್ಲ. ಲರ್ನರ್ ಲೈಸೆನ್ಸ್ ಇರುವವರಿಗೆ ಬಾಡಿಗೆ ಕಾರು ಸಿಗುವುದಿಲ್ಲ, ಅದರ ಬಗ್ಗೆ ಯೋಚಿಸುವುದೇ ಬೇಡ.

ಹದಿನೆಂಟು ದಾಟಿದ ಮೇಲೂ ಎಲ್ಲರಿಗೂ ಒಂದೇ ಕಾನೂನು ಇರುವುದಿಲ್ಲ. ಪ್ರವಾಸಿಗಳಿಗೆ ಬಹುತೇಕ ಗೊತ್ತೇ ಇರದ ಸಂಗತಿ ಇದು. ಫ್ರಾನ್ಸ್‌ನಲ್ಲಿ ಲೈಸೆನ್ಸ್ ಸಿಕ್ಕು ಮೂರು ವರ್ಷ ಆಗದವರಿಗೆ ವೇಗದ ಮಿತಿಯೇ ಬೇರೆ. ಉಳಿದವರು ಮೋಟಾರ್‌ವೇಯಲ್ಲಿ ಗಂಟೆಗೆ 130 ಕಿಲೋಮೀಟರ್ ಹೋಗಬಹುದು, ಹೊಸಬರಿಗೆ 110. ಎದುರು ಬದುರು ರಸ್ತೆಗಳ ನಡುವೆ ತಡೆ ಇರುವ ಹೆದ್ದಾರಿಯಲ್ಲಿ ಉಳಿದವರಿಗೆ 110, ಹೊಸಬರಿಗೆ 100. ಈ ಲೆಕ್ಕ ಹೊರದೇಶದಿಂದ ಬಂದವರಿಗೂ ಸೇರಿಯೇ. ರಸ್ತೆ ಬದಿಯ ಬೋರ್ಡಿನಲ್ಲಿ 130 ಅಂತ ಕಂಡರೂ ನಿಮ್ಮ ಮಗನಿಗೆ ಅದು ಅನ್ವಯಿಸುವುದಿಲ್ಲ. ಅಪ್ಪ ಓಡಿಸುವಾಗ ಸರಿಯಿದ್ದ ವೇಗ, ಮಗ ಕೂತ ಕೂಡಲೇ ತಪ್ಪು.

ಮದ್ಯದ ವಿಷಯದಲ್ಲಿ ಈ ವ್ಯತ್ಯಾಸ ಇನ್ನೂ ಜಾಸ್ತಿ. ಜರ್ಮನಿಯಲ್ಲಿ 21 ತುಂಬದ ಚಾಲಕರಿಗೆ ಮಿತಿ ಸೊನ್ನೆ. ಇಟಲಿಯಲ್ಲಿ 21ರ ಒಳಗಿನವರಿಗೂ, ಲೈಸೆನ್ಸ್ ಪಡೆದು ಮೂರು ವರ್ಷ ಆಗದವರಿಗೂ ಸೊನ್ನೆ. ನ್ಯೂಜಿಲೆಂಡ್‌ನಲ್ಲಿ 20ರ ಒಳಗಿನವರಿಗೆ ಸೊನ್ನೆ. ಅಮೆರಿಕದ ಎಲ್ಲ ರಾಜ್ಯಗಳಲ್ಲೂ 21ರ ಒಳಗಿನವರ ರಕ್ತದಲ್ಲಿ ಹೆಸರಿಗೆ ಸ್ವಲ್ಪ ಸಿಕ್ಕರೂ ಕೇಸು. ಫ್ರಾನ್ಸ್‌ನಲ್ಲಿ ಸಾಮಾನ್ಯ ಮಿತಿ ಲೀಟರ್ ರಕ್ತಕ್ಕೆ 0.5 ಗ್ರಾಂ ಇದ್ದರೆ ಹೊಸಬರಿಗೆ 0.2, ಅಂದರೆ ಒಂದು ಗ್ಲಾಸ್ ಕೂಡ ಹೆಚ್ಚೇ. ಇದನ್ನೆಲ್ಲ ನೆನಪಿಟ್ಟುಕೊಳ್ಳುವ ಬದಲು ಓಡಿಸುವವರು ಅವತ್ತು ಕುಡಿಯುವುದಿಲ್ಲ ಅಂತ ಮೊದಲೇ ಮಾತಾಡಿಕೊಳ್ಳುವುದು ಸುಲಭ.

ಕಂಪನಿ ಯಾಕೆ ಹಿಂದೆ ಮುಂದೆ ನೋಡುತ್ತದೆ

ಹುಡುಗರ ಮೇಲೆ ಕಂಪನಿಗಳಿಗೆ ದ್ವೇಷ ಏನಿಲ್ಲ. ಅಪಘಾತದ ಲೆಕ್ಕಗಳು ಹಾಗಿವೆ. ಜಗತ್ತಿನಲ್ಲಿ 5ರಿಂದ 29 ವರ್ಷದವರ ಸಾವಿಗೆ ಮೊದಲ ಕಾರಣ ರಸ್ತೆ ಅಪಘಾತ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಓಡಿಸಿದ ದೂರಕ್ಕೆ ಹೋಲಿಸಿದರೆ ಹೊಸ ಚಾಲಕರು ಅನುಭವಿಗಳಿಗಿಂತ ಬಹಳ ಜಾಸ್ತಿ ಅಪಘಾತ ಮಾಡುತ್ತಾರೆ. ದೊಡ್ಡ ಅಪಘಾತಗಳ ಮಾತು ಬಿಡಿ, ಪಾರ್ಕಿಂಗ್‌ನಲ್ಲಿ ಕಂಬಕ್ಕೆ ತಾಗಿಸುವುದು, ಫುಟ್‌ಪಾತ್ ಅಂಚಿಗೆ ಚಕ್ರ ಉಜ್ಜುವುದು, ಇಂಥ ಚಿಲ್ಲರೆ ಪೆಟ್ಟುಗಳಿಂದಲೂ ಕಂಪನಿಗೆ ಖರ್ಚು. ಕಾರು ರಿಪೇರಿಗೆ ಹೋದ ದಿನಗಳಲ್ಲಿ ಬಾಡಿಗೆಯೂ ಬರುವುದಿಲ್ಲ.

ಹಾಗಾಗಿ ಹೆಚ್ಚಿನ ದೊಡ್ಡ ಕಂಪನಿಗಳು 21 ದಾಟಿದವರಿಗೆ ಮಾತ್ರ ಕಾರು ಕೊಡುತ್ತವೆ. 25ರ ಒಳಗಿದ್ದರೆ ದಿನಕ್ಕೆ ಇಷ್ಟು ಅಂತ ಯಂಗ್ ಡ್ರೈವರ್ ಶುಲ್ಕ ಹಾಕುತ್ತವೆ. ಇದು ಎಲ್ಲ ಕಡೆ ಹೀಗೇ ಅಂತಲ್ಲ. ಒಂದೇ ಕಂಪನಿಯ ನಿಯಮ ದೇಶದಿಂದ ದೇಶಕ್ಕೆ, ಕೆಲವೊಮ್ಮೆ ಊರಿನಿಂದ ಊರಿಗೆ ಬದಲಾಗುತ್ತದೆ. ಜಪಾನ್‌ನಲ್ಲಿ 18ಕ್ಕೇ ಕೊಡುವ ಕಂಪನಿಗಳಿವೆ. ಐರ್‌ಲೆಂಡ್‌ನಲ್ಲಿ 25 ಆಗಲೇಬೇಕು ಅನ್ನುವವರೂ ಇದ್ದಾರೆ. ಐಸ್‌ಲೆಂಡ್‌ನಲ್ಲಿ ಸಾಮಾನ್ಯವಾಗಿ ಸಣ್ಣ ಕಾರಿಗೆ 20 ಇದ್ದರೆ ಸಾಕು, ಫೋರ್ ವೀಲ್ ಡ್ರೈವ್ ಜೀಪಿಗೆ 23 ಕೇಳುತ್ತಾರೆ. ಅಲ್ಲಿನ ಒಳನಾಡಿನ ಎಫ್ ರಸ್ತೆಗಳಿಗೆ ಫೋರ್ ವೀಲ್ ಡ್ರೈವ್ ಗಾಡಿಯೇ ಬೇಕು ಅನ್ನುವುದು ಕಾನೂನು. ಹಾಗಾಗಿ 21ರವರು ಅಂಥ ರಸ್ತೆಗಳ ಆಸೆ ಬಿಡುವುದೇ ವಾಸಿ. ನ್ಯೂಯಾರ್ಕ್ ಮತ್ತು ಮಿಷಿಗನ್ ರಾಜ್ಯಗಳದು ಉಲ್ಟಾ ಕಥೆ. ಅಲ್ಲಿ 18 ತುಂಬಿದವರಿಗೆ ಬರೀ ವಯಸ್ಸಿನ ಕಾರಣ ಹೇಳಿ ಕಾರು ಇಲ್ಲ ಅನ್ನುವಂತಿಲ್ಲ. ಆದರೆ ಶುಲ್ಕ ಹಾಕಬಹುದು, ಧಾರಾಳವಾಗಿ ಹಾಕುತ್ತಾರೆ ಕೂಡ.

ವಯಸ್ಸಿನ ಜೊತೆ ಇನ್ನೊಂದು ಶರತ್ತು ಇರುತ್ತದೆ, ಅದನ್ನು ಯಾರೂ ಓದುವುದಿಲ್ಲ. ಲೈಸೆನ್ಸ್ ಪಡೆದು ಎಷ್ಟು ವರ್ಷ ಆಯಿತು ಅನ್ನುವುದು. ಒಂದು ವರ್ಷ ಸಾಮಾನ್ಯ. ಎರಡು, ಮೂರು ವರ್ಷ ಕೇಳುವ ಕಡೆಗಳೂ ಇವೆ. 24 ವರ್ಷದವಳಾದರೂ ಲೈಸೆನ್ಸ್ ಆರು ತಿಂಗಳ ಹಿಂದಿನದಾದರೆ ಕಾರು ಸಿಗುವುದಿಲ್ಲ. ಲೈಸೆನ್ಸ್ ನವೀಕರಿಸಿದಾಗ ಹೊಸ ದಿನಾಂಕ ಮಾತ್ರ ಎದ್ದು ಕಾಣುವಂತಿದ್ದರೆ ಇನ್ನೊಂದು ತೊಂದರೆ. ಮೊದಲು ಪಡೆದದ್ದು ಯಾವಾಗ ಅನ್ನುವುದಕ್ಕೆ ಕಾಗದ ಇಟ್ಟುಕೊಂಡಿರಿ.

ಯಾವ ಕಾರು ಕೊಡುತ್ತಾರೆ ಅನ್ನುವುದೂ ವಯಸ್ಸಿನ ಮೇಲೆ ನಿಂತಿದೆ. 25ರ ಒಳಗಿನವರಿಗೆ ಸಣ್ಣ, ಮಧ್ಯಮ ಕಾರುಗಳು ಮಾತ್ರ. ದೊಡ್ಡ ಎಸ್‌ಯುವಿ, ಒಂಬತ್ತು ಸೀಟಿನ ವ್ಯಾನ್, ದುಬಾರಿ ಕಾರುಗಳಿಗೆ 25 ಅಥವಾ 30 ಆಗಿರಬೇಕು. ಇಲ್ಲಿ ಒಂದು ಸಿಕ್ಕು ಇದೆ. ಅಪ್ಪನ ಹೆಸರಲ್ಲಿ ಬುಕ್ ಮಾಡಿ ಮಗನನ್ನು ಎರಡನೇ ಚಾಲಕ ಅಂತ ಸೇರಿಸಿದರೂ ಈ ನಿಯಮ ಬಿಡುವುದಿಲ್ಲ. ಎಂಟು ಜನ ಕೂರುವ ವ್ಯಾನ್ ಬುಕ್ ಮಾಡಿ, ಅಜ್ಜ ಅಜ್ಜಿಯ ಸಮೇತ ಕೌಂಟರ್‌ಗೆ ಬಂದು, ಮಗನೂ ಓಡಿಸುತ್ತಾನೆ ಅಂದರೆ ಆಗುವುದಿಲ್ಲ ಅನ್ನುತ್ತಾರೆ. ಅಂದ ಹಾಗೆ ಅಜ್ಜನೂ ಓಡಿಸುವ ಯೋಚನೆ ಇದ್ದರೆ, ಐರ್‌ಲೆಂಡ್‌ನಂಥ ಕೆಲವು ದೇಶಗಳಲ್ಲಿ ಮೇಲಿನ ವಯಸ್ಸಿಗೂ ಮಿತಿ ಇದೆ.

ಗೇರಿನ ಬಗ್ಗೆ ಎರಡು ಮಾತು. ಯುರೋಪಿನಲ್ಲಿ ಅಗ್ಗದ ಬಾಡಿಗೆ ಕಾರು ಅಂದರೆ ಬಹಳ ಮಟ್ಟಿಗೆ ಕೈ ಗೇರಿನದು. ಆಟೋಮ್ಯಾಟಿಕ್‌ಗೆ ಜಾಸ್ತಿ ಕೊಡಬೇಕು, ಮೊದಲೇ ಬುಕ್ ಮಾಡಬೇಕು. ಆಟೋಮ್ಯಾಟಿಕ್ ಮಾತ್ರ ಓಡಿಸುವ ಲೈಸೆನ್ಸ್ ಇದ್ದವರು ಕೈ ಗೇರಿನ ಕಾರು ತೆಗೆದುಕೊಂಡರೆ ಅದು ಲೈಸೆನ್ಸ್ ಇಲ್ಲದೆ ಓಡಿಸಿದ ಹಾಗೇ. ಲೈಸೆನ್ಸ್ ಎರಡಕ್ಕೂ ಇದ್ದರೂ, ಹೊಸ ದೇಶ, ಹೊಸ ಬದಿ, ಹೊಸ ಕಾರು ಇರುವಾಗ ಎಡಗೈ ಬಲಗೈ ಗೇರಿನ ಗೊಂದಲವನ್ನೂ ತಲೆಗೆ ಹಾಕಿಕೊಳ್ಳದಿದ್ದರೆ ಒಳ್ಳೆಯದು. ದುಡ್ಡು ಉಳಿಸಬಹುದಾದ ಜಾಗ ಬೇರೆ ಎಷ್ಟೋ ಇವೆ.

ದುಡ್ಡಿನ ಲೆಕ್ಕ

ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಹತ್ತು ದಿನಕ್ಕೆ ಕಾರು, ದಿನದ ಬಾಡಿಗೆ 40 ಯೂರೋ. ಒಟ್ಟು 400. ಇದೇ ನೀವು ಪರದೆಯ ಮೇಲೆ ನೋಡಿ ಖುಷಿಪಟ್ಟ ಮೊತ್ತ. ಮಗನನ್ನು ಹೆಚ್ಚುವರಿ ಚಾಲಕ ಅಂತ ಸೇರಿಸಲು ದಿನಕ್ಕೆ 10. ಅವನಿಗೆ 22 ಆದ್ದರಿಂದ ಯಂಗ್ ಡ್ರೈವರ್ ಶುಲ್ಕ ದಿನಕ್ಕೆ 25. ಎರಡೂ ಬೇರೆ ಬೇರೆ ಶುಲ್ಕ, ಎರಡೂ ಬೀಳುತ್ತವೆ. ಒಟ್ಟು 750 ಆಯಿತು. ಇನ್ನೂ ವಿಮೆಯ ಮಾತೇ ಬಂದಿಲ್ಲ. ಮಗ ಹತ್ತು ದಿನದಲ್ಲಿ ಒಂದೇ ದಿನ ಓಡಿಸಿದರೂ ಸಾಮಾನ್ಯವಾಗಿ ಹತ್ತೂ ದಿನದ ಶುಲ್ಕ ಕಟ್ಟಬೇಕು.

ಕೆಲವು ಕಂಪನಿಗಳು ಈ ಶುಲ್ಕಕ್ಕೆ ಒಂದು ಗರಿಷ್ಠ ಮಿತಿ ಇಟ್ಟಿರುತ್ತವೆ, ಇಷ್ಟು ದಿನಕ್ಕಿಂತ ಜಾಸ್ತಿ ಲೆಕ್ಕ ಹಾಕುವುದಿಲ್ಲ ಅಂತ. ಉದ್ದ ಪ್ರವಾಸಕ್ಕೆ ಅದು ಲಾಭ. ಕೆಲವು ವಾಹನ ಸಂಘಗಳ ಸದಸ್ಯರಿಗೆ ಶುಲ್ಕ ಮಾಫಿ ಇರುತ್ತದೆ. ಇಲ್ಲವಾದರೆ ಬಾಡಿಗೆಯನ್ನು ಎರಡು ತುಂಡು ಮಾಡುವುದು ಒಂದು ದಾರಿ. ಮೊದಲ ಆರು ದಿನ ದೊಡ್ಡವರ ಹೆಸರು ಮಾತ್ರ, ಉದ್ದ ದಾರಿಯ ಕೊನೆಯ ನಾಲ್ಕು ದಿನಕ್ಕೆ ಬೇರೆ ಬುಕಿಂಗ್, ಅದರಲ್ಲಿ ಮಗನೂ ಇರುತ್ತಾನೆ. ತಲೆನೋವು ಅನ್ನಿಸಿದರೂ ಲೆಕ್ಕ ಹಾಕಿ ನೋಡಿ.

ಹಲವು ಕಂಪನಿಗಳ ದರ ಹೋಲಿಸಿ ತೋರಿಸುವ ಆಪ್‌ಗಳಲ್ಲಿ ಚಾಲಕರ ವಯಸ್ಸು ಕೇಳುವ ಒಂದು ಪುಟ್ಟ ಚೌಕ ಇರುತ್ತದೆ. "30ರಿಂದ 65" ಅಂತ ಮೊದಲೇ ತುಂಬಿರುತ್ತದೆ. ಅದನ್ನು ಬದಲಿಸದೆ ಮುಂದೆ ಹೋದರೆ ತೋರಿಸುವ ದರಕ್ಕೆ ಅರ್ಥವಿಲ್ಲ. ಬದಲಿಸಿದರೂ ಯಂಗ್ ಡ್ರೈವರ್ ಶುಲ್ಕ ಹಲವು ಸಲ "ಕೌಂಟರ್‌ನಲ್ಲಿ ಕಟ್ಟಬೇಕಾದದ್ದು" ಅಂತ ಕೆಳಗೆಲ್ಲೋ ಇರುತ್ತದೆ. ಬಾಡಿಗೆ ಶರತ್ತುಗಳು ಅನ್ನುವ ಕೊಂಡಿ ಒತ್ತಿ, ವಯಸ್ಸು ಅನ್ನುವ ಭಾಗ ಹುಡುಕಿ ಓದಿ. ಅಷ್ಟು ಮಾತ್ರ ಓದಿದರೂ ಅರ್ಧ ತೊಂದರೆ ತಪ್ಪುತ್ತದೆ.

ಡೆಪಾಸಿಟ್ ಇನ್ನೊಂದು ಬಾಗಿಲು. ಮುಖ್ಯ ಚಾಲಕರ ಹೆಸರಿನಲ್ಲೇ ಇರುವ ಕ್ರೆಡಿಟ್ ಕಾರ್ಡ್ ಬೇಕು ಅನ್ನುತ್ತಾರೆ. ಡೆಬಿಟ್ ಕಾರ್ಡ್ ಬಹಳ ಕಡೆ ನಡೆಯುವುದಿಲ್ಲ, ನಡೆದರೂ ದುಬಾರಿ ವಿಮೆ ತೆಗೆದುಕೊಳ್ಳಿ ಅಂತ ಒತ್ತಾಯ ಬರುತ್ತದೆ. ಅಪ್ಪನ ಕಾರ್ಡ್ ಕೊಟ್ಟು ಮಗನ ಹೆಸರಲ್ಲಿ ಕಾರು ತೆಗೆದುಕೊಳ್ಳಲು ಸಾಮಾನ್ಯವಾಗಿ ಆಗುವುದಿಲ್ಲ. ಇಪ್ಪತ್ತೆರಡಕ್ಕೆ ಸ್ವಂತ ಕ್ರೆಡಿಟ್ ಕಾರ್ಡ್, ಅದರಲ್ಲಿ ಸಾಕಷ್ಟು ಮಿತಿ ಇರುವವರು ಕಡಿಮೆ. ಅದಕ್ಕೇ ಒಟ್ಟಿಗೆ ಹೋಗುವ ಕುಟುಂಬಕ್ಕೆ ದೊಡ್ಡವರು ಮುಖ್ಯ ಚಾಲಕ, ಚಿಕ್ಕವರು ಹೆಚ್ಚುವರಿ ಚಾಲಕ ಅನ್ನುವುದೇ ಸರಿಹೊಂದುತ್ತದೆ. ಕಾರ್ಡಿನಲ್ಲಿ ಬ್ಲಾಕ್ ಮಾಡಿದ ಮೊತ್ತ ಕಾರು ವಾಪಸ್ ಕೊಟ್ಟ ಮೇಲೂ ಕೆಲವು ದಿನ ಬಿಡುಗಡೆ ಆಗಿರುವುದಿಲ್ಲ. ಆ ದುಡ್ಡನ್ನು ನಂಬಿಕೊಂಡು ಪ್ರವಾಸದ ಕೊನೆಯ ಹೋಟೆಲ್ ಬಿಲ್ ಕಟ್ಟುವ ಯೋಚನೆ ಬೇಡ.

ವಿಮೆ ಅಂದರೆ ಯಾವುದು

ಬಾಡಿಗೆ ಕಾರಿನ ವಿಮೆ ಎರಡು ಭಾಗ. ನೀವು ಬೇರೆಯವರಿಗೆ ಮಾಡುವ ಹಾನಿ ಒಂದು. ಬಾಡಿಗೆ ಕಾರಿಗೇ ಆಗುವ ಹಾನಿ ಇನ್ನೊಂದು. ಇವೆರಡನ್ನು ಬೇರೆ ಮಾಡಿ ನೋಡದೆ "ಫುಲ್ ಇನ್ಶೂರೆನ್ಸ್ ಇದೆಯಾ" ಅಂತ ಕೇಳಿದರೆ "ಇದೆ" ಅನ್ನುವ ಉತ್ತರ ಸಿಗುತ್ತದೆ, ಆ ಉತ್ತರಕ್ಕೆ ಏನರ್ಥ ಅಂತ ಯಾರಿಗೂ ಗೊತ್ತಿರುವುದಿಲ್ಲ.

ಬೇರೆಯವರಿಗೆ ಮಾಡುವ ಹಾನಿಯದು ಥರ್ಡ್ ಪಾರ್ಟಿ ವಿಮೆ. ಯುರೋಪಿನಲ್ಲಿ ಇದು ಕಡ್ಡಾಯ, ಬಾಡಿಗೆಯಲ್ಲೇ ಸೇರಿರುತ್ತದೆ, ಮೊತ್ತವೂ ದೊಡ್ಡದು. ಅಮೆರಿಕದಲ್ಲಿ ಹಾಗಿಲ್ಲ. ಅಲ್ಲಿ ರಾಜ್ಯದಿಂದ ರಾಜ್ಯಕ್ಕೆ ಕಾನೂನಿನ ಕನಿಷ್ಠ ಮೊತ್ತ ಬೇರೆ, ಅದೂ ಚಿಕ್ಕದು. ಕ್ಯಾಲಿಫೋರ್ನಿಯಾದಲ್ಲಿ ಒಬ್ಬರ ಗಾಯಕ್ಕೆ ಕನಿಷ್ಠ 15,000 ಡಾಲರ್ ಇದ್ದದ್ದು 2025ರ ಜನವರಿಯಿಂದ 30,000 ಆಗಿದೆ. ಅಲ್ಲಿನ ಆಸ್ಪತ್ರೆ ಬಿಲ್ ನೋಡಿದವರಿಗೆ ಈ ಮೊತ್ತ ಎಷ್ಟು ಬೇಗ ಕರಗುತ್ತದೆ ಅಂತ ಗೊತ್ತು. ಅಮೆರಿಕದವರಿಗೆ ಅವರ ಸ್ವಂತ ಕಾರಿನ ವಿಮೆ ಬೆನ್ನಿಗಿರುತ್ತದೆ, ಪ್ರವಾಸಿಗೆ ಅದಿಲ್ಲ. ಹಾಗಾಗಿ ಹೆಚ್ಚುವರಿ ಲಯಬಿಲಿಟಿ ವಿಮೆ, ಅವರು ಎಸ್‌ಎಲ್‌ಐ ಅನ್ನುವುದು, ಅಮೆರಿಕಕ್ಕೆ ಹೋಗುವವರು ಬಿಡಬಾರದ್ದು. ಕೆಲವು ಬುಕಿಂಗ್‌ಗಳಲ್ಲಿ ಅದು ದರದಲ್ಲೇ ಸೇರಿರುತ್ತದೆ, ಮೊದಲು ನೋಡಿಕೊಳ್ಳಿ. ಕೌಂಟರ್‌ನಲ್ಲಿ ಮಾರುವುದೆಲ್ಲ ಬೇಡದ್ದು ಅಂತ ಎಲ್ಲದಕ್ಕೂ ತಲೆ ಅಲ್ಲಾಡಿಸುವವರು ಇದೊಂದಕ್ಕೆ ನಿಲ್ಲಬೇಕು. ಅದರಲ್ಲೂ ಜೊತೆಗೆ ಹೊಸ ಚಾಲಕರಿದ್ದಾಗ.

ಕಾರಿಗೇ ಆಗುವ ಹಾನಿಗೆ ಇರುವುದು ಕೊಲಿಷನ್ ಡ್ಯಾಮೇಜ್ ವೇವರ್, ಸಿಡಿಡಬ್ಲ್ಯೂ. ಇದು ನಿಜಕ್ಕೂ ವಿಮೆ ಅಲ್ಲ. ಇಂತಿಷ್ಟು ಮೊತ್ತದ ಮೇಲೆ ಹಾನಿಯಾದರೆ ನಿಮ್ಮಿಂದ ವಸೂಲಿ ಮಾಡುವುದಿಲ್ಲ ಅಂತ ಕಂಪನಿ ಕೊಡುವ ಮಾತು. ಆ "ಇಂತಿಷ್ಟು" ಎಕ್ಸೆಸ್. ಎಕ್ಸೆಸ್ 1,500 ಯೂರೋ ಇದ್ದು, ಬಾಗಿಲಿಗೆ 900 ಯೂರೋ ಪೆಟ್ಟು ಬಿದ್ದರೆ ಪೂರ್ತಿ ನಿಮ್ಮದೇ. 6,000 ಪೆಟ್ಟು ಬಿದ್ದರೆ ನಿಮ್ಮದು 1,500. ಚಿಕ್ಕ ವಯಸ್ಸಿನ ಚಾಲಕರು ಓಡಿಸುವಾಗ ಆದ ಹಾನಿಗೆ ಎಕ್ಸೆಸ್ ಜಾಸ್ತಿ ಇಡುವ ಕಂಪನಿಗಳಿವೆ. ಶುಲ್ಕ ಕಟ್ಟಿದ್ದೇವಲ್ಲ, ಮುಗಿಯಿತು ಅಂದುಕೊಳ್ಳಬೇಡಿ.

ಟಯರ್, ಗಾಜು, ಕಾರಿನ ಅಡಿಭಾಗ, ಛಾವಣಿ, ಕಳೆದುಹೋದ ಕೀಲಿ, ತಪ್ಪು ಇಂಧನ ಹಾಕಿ ಕೆಟ್ಟ ಎಂಜಿನ್, ಇವು ಸಾಮಾನ್ಯವಾಗಿ ಸಿಡಿಡಬ್ಲ್ಯೂ ಹೊರಗೆ. ಹೊಸಬರು ಕಾರಿಗೆ ಪೆಟ್ಟು ಮಾಡುವುದು ಬಹುಪಾಲು ಈ ಜಾಗಗಳಲ್ಲೇ ಅಲ್ವಾ? ಐಸ್‌ಲೆಂಡ್‌ನಲ್ಲಿ ಗಾಳಿಗೆ ಬಾಗಿಲು ಹಿಂದಕ್ಕೆ ಮಡಚಿಹೋಗುವುದು ಮಾಮೂಲಿ, ಅದಕ್ಕೂ ರಕ್ಷಣೆ ಇರುವುದಿಲ್ಲ.

ಎಕ್ಸೆಸ್ ಹೊರೆ ಇಳಿಸಲು ಎರಡು ದಾರಿ. ಕೌಂಟರ್‌ನಲ್ಲಿ ಸಿಗುವ ಸೂಪರ್ ವೇವರ್ ತೆಗೆದುಕೊಳ್ಳುವುದು ಒಂದು. ದುಬಾರಿ, ಆದರೆ ಪೆಟ್ಟಾದಾಗ ಕೈಯಿಂದ ಏನೂ ಕೊಡಬೇಕಾಗಿಲ್ಲ. ಬುಕಿಂಗ್ ಮಾಡಿಕೊಟ್ಟವರಿಂದಲೋ ಬೇರೆ ವಿಮಾ ಕಂಪನಿಯಿಂದಲೋ ಎಕ್ಸೆಸ್ ವಿಮೆ ಕೊಳ್ಳುವುದು ಇನ್ನೊಂದು. ಅಗ್ಗ, ಆದರೆ ಮೊದಲು ನಿಮ್ಮ ಕಾರ್ಡಿನಿಂದ ದುಡ್ಡು ಹೋಗುತ್ತದೆ, ಆಮೇಲೆ ಕಾಗದ ಪತ್ರ ಕಳಿಸಿ ವಾಪಸ್ ಪಡೆಯಬೇಕು. ಈ ಎರಡನೆಯದರಲ್ಲಿ ವಯಸ್ಸಿನ ಶರತ್ತು ನೋಡಲೇಬೇಕು. ಬಾಡಿಗೆ ಕಂಪನಿ 21ರವನಿಗೆ ಕಾರು ಕೊಟ್ಟಿದ್ದರೂ, ಎಕ್ಸೆಸ್ ವಿಮೆ 25 ಮೇಲ್ಪಟ್ಟವರಿಗೆ ಮಾತ್ರ ಅಂದರೆ ಒಂದು ಪೈಸೆಯೂ ಬರುವುದಿಲ್ಲ. ಕ್ರೆಡಿಟ್ ಕಾರ್ಡ್ ಜೊತೆ ಉಚಿತವಾಗಿ ಬರುವ ಬಾಡಿಗೆ ಕಾರಿನ ರಕ್ಷಣೆಗೂ ಇದೇ ಮಾತು. ಯಾವ ದೇಶಗಳು ಹೊರಗೆ, ಯಾವ ಕಾರುಗಳು ಹೊರಗೆ, ಹೆಚ್ಚುವರಿ ಚಾಲಕರು ಸೇರುತ್ತಾರಾ, ಎಲ್ಲ ಅದರಲ್ಲಿ ಬರೆದಿರುತ್ತದೆ.

ಹೆಸರು ಇಲ್ಲದ ಚಾಲಕ

ಶುಲ್ಕ ನೋಡಿ ಗಾಬರಿಯಾದವರಿಗೆ ಒಂದು ಉಪಾಯ ಹೊಳೆಯುತ್ತದೆ. ಕಾರು ಅಪ್ಪನ ಹೆಸರಲ್ಲಿ ತೆಗೆದುಕೊಂಡು, ವಿಮಾನ ನಿಲ್ದಾಣ ದಾಟಿದ ಮೇಲೆ ಮಗ ಓಡಿಸಿದರೆ ಯಾರಿಗೆ ಗೊತ್ತಾಗುತ್ತದೆ? ನಿಜ, ಏನೂ ಆಗದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ವಿಮೆ ಇರುವುದೇ ಏನಾದರೂ ಆದಾಗ ಅಂತ.

ಒಪ್ಪಂದದಲ್ಲಿ ಹೆಸರಿಲ್ಲದವರು ಓಡಿಸುವಾಗ ಅಪಘಾತವಾದರೆ ಸಿಡಿಡಬ್ಲ್ಯೂ, ಸೂಪರ್ ವೇವರ್, ಹೊರಗಿನ ಎಕ್ಸೆಸ್ ವಿಮೆ, ಕ್ರೆಡಿಟ್ ಕಾರ್ಡ್ ರಕ್ಷಣೆ, ಎಲ್ಲ ಒಟ್ಟಿಗೆ ಬಿದ್ದುಹೋಗುತ್ತವೆ. ಕಾರಿನ ಪೂರ್ತಿ ಬೆಲೆ, ಎಳೆದು ತಂದ ಖರ್ಚು, ಕಾರು ನಿಂತ ದಿನಗಳ ನಷ್ಟ ಎಲ್ಲವನ್ನೂ ಸಹಿ ಮಾಡಿದವರಿಂದ ಕೇಳಬಹುದು. ಗಾಯವಾದವರಿಗೆ ಪರಿಹಾರ ಕೊಟ್ಟ ವಿಮಾ ಕಂಪನಿ ಆ ದುಡ್ಡನ್ನು ನಿಮ್ಮಿಂದ ವಸೂಲಿ ಮಾಡಲು ಬರಬಹುದು. ಕೆಲವು ದೇಶಗಳಲ್ಲಿ ಇದು ವಿಮೆ ಇಲ್ಲದೆ ಓಡಿಸಿದ ಅಪರಾಧವೂ ಆಗುತ್ತದೆ. ತಪ್ಪು ಎದುರಿನ ಕಾರಿನದ್ದೇ ಆಗಿದ್ದರೂ ಪೊಲೀಸರು ಬಂದು ಯಾರು ಓಡಿಸುತ್ತಿದ್ದರು ಅಂತ ಬರೆದುಕೊಳ್ಳುತ್ತಾರೆ. ಅಲ್ಲಿ ಅಪ್ಪನ ಹೆಸರು ಹೇಳಿದರೆ ಅದು ಇನ್ನೊಂದು ಅಪರಾಧ. ದಿನಕ್ಕೆ 25 ಯೂರೋ ಉಳಿಸಲು ಹೋಗಿ ಇಷ್ಟನ್ನೆಲ್ಲ ಮೈಮೇಲೆ ಎಳೆದುಕೊಳ್ಳುವ ಧೈರ್ಯ ನನಗಂತೂ ಇಲ್ಲ.

ಶುಲ್ಕ ಕಟ್ಟಲು ಮನಸ್ಸಿಲ್ಲದಿದ್ದರೆ ಮಗನಿಗೆ ಕೀಲಿ ಕೊಡಬೇಡಿ. ಅಪ್ಪನಿಗೆ ಸುಸ್ತಾದರೆ ಕಾರು ನಿಲ್ಲಿಸಿ ಮಲಗಲಿ. "ಬರೀ ಹೋಟೆಲ್ ತನಕ, ಐದು ನಿಮಿಷ" ಅನ್ನುವುದೂ ಬೇಡ. ಹಾಗೇ ಅಪ್ಪ ಅಮ್ಮ ಇಬ್ಬರೂ ಸರದಿಯಲ್ಲಿ ಓಡಿಸುವುದಾದರೆ ಅಮ್ಮನ ಹೆಸರೂ ಒಪ್ಪಂದದಲ್ಲಿ ಇರಬೇಕು. ಗಂಡ ಹೆಂಡತಿಗೆ ಶುಲ್ಕವಿಲ್ಲದೆ ಅನುಮತಿ ಕೊಡುವ ಕಡೆಗಳಿವೆ, ಕೇಳಿ ಬರೆಸಿಕೊಳ್ಳಿ.

ಗಡಿ ದಾಟುವುದಕ್ಕೂ ಇದೇ ರೀತಿ ಅನುಮತಿ ಬೇಕು. ಅಮೆರಿಕದ ಬಾಡಿಗೆ ಕಾರನ್ನು ಕೇಳದೆ ಮೆಕ್ಸಿಕೋಗೆ ತೆಗೆದುಕೊಂಡು ಹೋದರೆ ಅಮೆರಿಕದ ವಿಮೆ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಯುರೋಪಿನೊಳಗೂ ಕೆಲವು ದೇಶಗಳಿಗೆ, ಕೆಲವು ದೋಣಿ ದಾರಿಗಳಿಗೆ ಕಂಪನಿ ಒಪ್ಪುವುದಿಲ್ಲ.

ಕೀಲಿ ಕೈಗೆ ಬಂದ ಮೇಲೆ

ಕಾರು ಕೊಡುವಾಗ ಅವಸರ ಮಾಡುತ್ತಾರೆ. ನೀವು ಮಾಡಬೇಡಿ. ಸುತ್ತ ನಡೆದು ವಿಡಿಯೋ ಮಾಡಿ. ನಾಲ್ಕೂ ಚಕ್ರದ ಅಂಚು, ಮುಂದಿನ ಗಾಜು, ಬಂಪರ್ ಕೆಳಭಾಗ, ಛಾವಣಿ, ಮೀಟರ್, ಇಂಧನದ ಮುಳ್ಳು. ಗೀಚು ಏನಾದರೂ ಕಂಡರೆ ಅವರ ಹಾಳೆಯಲ್ಲಿ ಬರೆಸಿ. ಒಪ್ಪಂದದಲ್ಲಿ ಮಗನ ಹೆಸರು ನಿಜವಾಗಿ ಅಚ್ಚಾಗಿದೆಯಾ ಅಂತ ಅಲ್ಲೇ ನೋಡಿ. ಆನ್‌ಲೈನ್‌ನಲ್ಲಿ ಸೇರಿಸಿದ್ದು ಕೌಂಟರ್‌ನ ಕಾಗದದಲ್ಲಿ ಬಿಟ್ಟುಹೋಗಿರುವ ಸಾಧ್ಯತೆ ಇದೆ. ಅವನೂ ಲೈಸೆನ್ಸ್ ಹಿಡಿದು ಕೌಂಟರ್‌ನಲ್ಲೇ ನಿಂತಿರಬೇಕು, ಬಹಳ ಕಡೆ ಆಮೇಲೆ ಬಂದು ಸೇರಿಸುವುದು ಕಷ್ಟ.

ಇಂಧನ ಯಾವುದು ಅಂತ ಕೇಳಿ, ಮುಚ್ಚಳದ ಮೇಲೂ ಓದಿ. ಪೈಪಿನ ಬಣ್ಣ ನಂಬಬೇಡಿ. ಯುರೋಪಿನಲ್ಲಿ ಹಸಿರು ಪೈಪ್ ಸಾಮಾನ್ಯವಾಗಿ ಪೆಟ್ರೋಲ್, ಅಮೆರಿಕದಲ್ಲಿ ಅದೇ ಹಸಿರು ಬಹಳ ಕಡೆ ಡೀಸೆಲ್. ಐರೋಪ್ಯ ಒಕ್ಕೂಟದಲ್ಲಿ 2018ರ ಅಕ್ಟೋಬರ್‌ನಿಂದ ಹೊಸ ಗುರುತುಗಳು ಬಂದಿವೆ. ವೃತ್ತದೊಳಗೆ ಇ ಅಕ್ಷರ ಇದ್ದರೆ ಪೆಟ್ರೋಲ್, ಚೌಕದೊಳಗೆ ಬಿ ಇದ್ದರೆ ಡೀಸೆಲ್.

ಮೊದಲ ದಿನ ಯಾರು ಓಡಿಸಬೇಕು? ರಾತ್ರಿಯಿಡೀ ವಿಮಾನದಲ್ಲಿ ಕೂತು ಬಂದವರು ಯಾರೂ ಓಡಿಸದಿದ್ದರೆ ಒಳ್ಳೆಯದು. ಕಾರನ್ನು ಮರುದಿನ ಬೆಳಿಗ್ಗೆ, ಊರ ಹೊರಗಿನ ಕಚೇರಿಯಿಂದ ತೆಗೆದುಕೊಳ್ಳಬಹುದು. ಬಾಡಿಗೆಯೂ ಕೆಲವೊಮ್ಮೆ ಕಡಿಮೆ, ವಿಮಾನ ನಿಲ್ದಾಣದ ರಸ್ತೆಗಳ ಗೋಜಲೂ ತಪ್ಪುತ್ತದೆ. ಮಗನಿಗೆ ಮೊದಲು ಕೊಡಬೇಕಾದದ್ದು ಹಗಲು ಹೊತ್ತಿನ ಖಾಲಿ ಹಳ್ಳಿ ರಸ್ತೆಯೂ ಅಲ್ಲ, ಸಿಟಿಯ ನಡುಭಾಗವೂ ಅಲ್ಲ. ಖಾಲಿ ರಸ್ತೆಯಲ್ಲೇ ಹಳೆಯ ಅಭ್ಯಾಸ ಮೇಲೆದ್ದು ಕಾರು ತಪ್ಪು ಬದಿಗೆ ಹೋಗುವುದು, ಯಾಕೆಂದರೆ ಹಿಂಬಾಲಿಸಲು ಮುಂದೆ ಯಾರೂ ಇರುವುದಿಲ್ಲ. ಸಾಧಾರಣ ವಾಹನ ಸಂಚಾರ ಇರುವ, ಎರಡೂ ಬದಿ ಬೇರೆಯಾಗಿರುವ ಹೆದ್ದಾರಿ ಕಲಿಯಲು ಸಲೀಸು.

ಬದಿ ಬದಲಾದಾಗ ನೆನಪಿಡಬೇಕಾದ್ದು ಒಂದೇ. ಚಾಲಕನ ಸೀಟು ಯಾವಾಗಲೂ ರಸ್ತೆಯ ನಡುಗೆರೆಯ ಕಡೆಗಿರಬೇಕು. ಬ್ರಿಟನ್, ಐರ್‌ಲೆಂಡ್, ಜಪಾನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಎಡಬದಿ. ಯುರೋಪಿನ ಬಹುಭಾಗ ಮತ್ತು ಅಮೆರಿಕದಲ್ಲಿ ಬಲಬದಿ. ತಪ್ಪು ಆಗುವುದು ಮುಖ್ಯವಾಗಿ ಪೆಟ್ರೋಲ್ ಬಂಕ್‌ನಿಂದ ಹೊರಬರುವಾಗ, ಊಟ ಮುಗಿಸಿ ಪಾರ್ಕಿಂಗ್‌ನಿಂದ ತಿರುಗಿಸುವಾಗ, ಒಮ್ಮುಖ ರಸ್ತೆಯಿಂದ ದೊಡ್ಡ ರಸ್ತೆಗೆ ಸೇರುವಾಗ. ಪಕ್ಕದಲ್ಲಿ ಕೂತವರ ಕೆಲಸ ಆ ಕ್ಷಣಗಳಲ್ಲಿ ಬದಿ ಯಾವುದು ಅಂತ ಮೆಲ್ಲಗೆ ಹೇಳುವುದು. ಉಳಿದ ಹೊತ್ತು ಮ್ಯಾಪ್ ನೋಡಿಕೊಂಡು ಸುಮ್ನೆ ಕೂರುವುದು. ಪ್ರತಿ ತಿರುವಿಗೂ "ಬ್ರೇಕ್, ಬ್ರೇಕ್" ಅಂತ ಕೂಗುವ ಅಪ್ಪಂದಿರಿಂದ ಯಾವ ಕಾರೂ ಸರಿಯಾಗಿ ನಿಂತದ್ದಿಲ್ಲ.

ನ್ಯೂಜಿಲೆಂಡ್‌ನಲ್ಲಿ ನಿರ್ಬಂಧಿತ ಲೈಸೆನ್ಸ್ ಇರುವ ಹೊಸಬರು ರಾತ್ರಿ 10ರಿಂದ ಬೆಳಗಿನ 5ರ ತನಕ ಒಬ್ಬರೇ ಓಡಿಸುವಂತಿಲ್ಲ. ಪಕ್ಕದಲ್ಲಿ ಅನುಭವಿ ಇಲ್ಲದೆ ಸಾಮಾನ್ಯವಾಗಿ ಬೇರೆಯವರನ್ನು ಕೂರಿಸಿಕೊಳ್ಳುವಂತೆಯೂ ಇಲ್ಲ. ರಾತ್ರಿ ಮತ್ತು ಸ್ನೇಹಿತರ ಗುಂಪು, ಇವೆರಡೂ ಅಪಘಾತ ಹೆಚ್ಚಿಸುತ್ತವೆ ಅಂತ ನೋಡಿಯೇ ಇಂಥ ನಿಯಮ ಮಾಡಿದ್ದಾರೆ. ಪ್ರವಾಸಿಗೆ ಈ ಕಾನೂನು ತಾಗದಿದ್ದರೂ ಮನೆಯವರೇ ಇದನ್ನು ಪಾಲಿಸಿದರೆ ತಪ್ಪೇನಿಲ್ಲ.

ಪ್ರತಿ ದೇಶದ ರಸ್ತೆ ನಿಯಮಗಳಲ್ಲಿ ಒಂದೆರಡು ವಿಚಿತ್ರ ಇದ್ದೇ ಇರುತ್ತವೆ. ಅಮೆರಿಕದಲ್ಲಿ ಕೆಂಪು ದೀಪ ಇದ್ದರೂ ಪೂರ್ತಿ ನಿಲ್ಲಿಸಿ ನೋಡಿ ಬಲಕ್ಕೆ ತಿರುಗಬಹುದು, ಆದರೆ ನ್ಯೂಯಾರ್ಕ್ ನಗರದಲ್ಲಿ ಬೋರ್ಡ್ ಅನುಮತಿ ಕೊಡದಿದ್ದರೆ ಇಲ್ಲ. ಶಾಲಾ ಬಸ್ ಕೆಂಪು ದೀಪ ಮಿನುಗಿಸಿ ನಿಂತರೆ ಎದುರಿನಿಂದ ಬರುವವರೂ ಸಾಮಾನ್ಯವಾಗಿ ನಿಲ್ಲಲೇಬೇಕು. ಫ್ರಾನ್ಸ್‌ನ ಊರೊಳಗೆ ಗುರುತಿಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬರುವವರಿಗೆ ಮೊದಲ ಹಕ್ಕು, ಅದು ಎಷ್ಟೇ ಸಣ್ಣ ಗಲ್ಲಿಯಾಗಿರಲಿ. ಐರ್‌ಲೆಂಡ್‌ನಿಂದ ಉತ್ತರ ಐರ್‌ಲೆಂಡ್‌ಗೆ ದಾಟುವಾಗ ಯಾವ ಗೇಟೂ ಇಲ್ಲ, ಬೋರ್ಡುಗಳು ಮಾತ್ರ ಕಿಲೋಮೀಟರ್‌ನಿಂದ ಮೈಲಿಗೆ ಬದಲಾಗಿರುತ್ತವೆ. ಮೈಲಿಯ 60 ಅಂದರೆ ಸುಮಾರು 97 ಕಿಲೋಮೀಟರ್.

ತಿಂಗಳುಗಳ ನಂತರ ಬರುವ ಪತ್ರ

ಕೆಲವು ದಂಡಗಳು ನೀವು ಮನೆ ಸೇರಿದ ಮೇಲೆ ಬರುತ್ತವೆ. ಇಟಲಿಯ ಹಳೆಯ ಪಟ್ಟಣಗಳ ನಡುಭಾಗಕ್ಕೆ ಹೊರಗಿನ ಕಾರುಗಳು ಹೋಗುವಂತಿಲ್ಲ. ಝಡ್‌ಟಿಎಲ್ ಅನ್ನುವ ಬೋರ್ಡ್ ಇರುತ್ತದೆ, ಕ್ಯಾಮೆರಾ ಫೋಟೊ ತೆಗೆಯುತ್ತದೆ, ಯಾರೂ ತಡೆಯುವುದಿಲ್ಲ. ಹೋಟೆಲ್ ಹುಡುಕುತ್ತ ನಾಲ್ಕು ಸಲ ಒಳಗೆ ಹೊರಗೆ ಸುತ್ತಿದರೆ ದಂಡವೂ ಅಷ್ಟೇ ಸಲ ಬೀಳಬಹುದು. ಡಬ್ಲಿನ್‌ನ ಎಂ50 ರಸ್ತೆಯಲ್ಲಿ ಟೋಲ್ ಗೇಟೇ ಇಲ್ಲ, ಮರುದಿನ ರಾತ್ರಿ 8ರೊಳಗೆ ನೀವೇ ಕಟ್ಟಬೇಕು. ಸ್ವಿಟ್ಜರ್ಲೆಂಡ್, ಆಸ್ಟ್ರಿಯಾದ ಹೆದ್ದಾರಿಗೆ ವಿಗ್ನೆಟ್, ಅಂದರೆ ರಸ್ತೆ ಶುಲ್ಕ ಮೊದಲೇ ಕಟ್ಟಿದ ಗುರುತು, ಬೇಕು. ಆ ದೇಶದಲ್ಲೇ ಬಾಡಿಗೆಗೆ ಪಡೆದ ಕಾರಿನಲ್ಲಿ ಸಾಮಾನ್ಯವಾಗಿ ಇರುತ್ತದೆ, ಪಕ್ಕದ ದೇಶದಿಂದ ತಂದರೆ ಇರುವುದಿಲ್ಲ.

ಇಂಥ ಪತ್ರ ಮೊದಲು ಬಾಡಿಗೆ ಕಂಪನಿಗೆ ಹೋಗುತ್ತದೆ. ಕಂಪನಿ ನಿಮ್ಮ ವಿವರ ಕೊಟ್ಟು, ಕೊಟ್ಟಿದ್ದಕ್ಕೆ ನಿಮ್ಮ ಕಾರ್ಡಿನಿಂದ ಒಂದು ಶುಲ್ಕ ಕತ್ತರಿಸುತ್ತದೆ. ಅದು ದಂಡ ಅಲ್ಲ, ದಂಡದ ಪತ್ರ ಬೇರೆ ಬರುತ್ತದೆ. ಎರಡನ್ನೂ ಒಂದೇ ಅಂದುಕೊಂಡು ಸುಮ್ಮನಿದ್ದರೆ ದಂಡ ಬೆಳೆಯುತ್ತದೆ. ಪತ್ರ ಒಪ್ಪಂದದ ಮುಖ್ಯ ಹೆಸರಿಗೆ ಬರುವುದರಿಂದ, ಮಗ ಓಡಿಸುತ್ತಿದ್ದ ಹೊತ್ತಿನ ತಪ್ಪಿಗೂ ಮೊದಲು ಉತ್ತರ ಕೊಡಬೇಕಾದವರು ಅಪ್ಪನೇ. ಯಾರು ಯಾವ ದಿನ ಎಲ್ಲಿಂದ ಎಲ್ಲಿಗೆ ಓಡಿಸಿದರು ಅಂತ ಫೋನ್‌ನಲ್ಲಿ ಗುರುತು ಹಾಕಿಕೊಂಡಿದ್ದರೆ ಆಗ ಉಪಯೋಗಕ್ಕೆ ಬರುತ್ತದೆ. ಇಟಲಿಯಲ್ಲಿ ಹೊರದೇಶದವರಿಗೆ ದಂಡದ ಪತ್ರ ತಲುಪಿಸಲು 360 ದಿನ ಅವಕಾಶವಿದೆ. ಒಪ್ಪಂದದ ಪ್ರತಿ, ಕಾರು ವಾಪಸ್ ಕೊಟ್ಟಾಗ ತೆಗೆದ ಫೋಟೊ, ಕೊನೆಯ ಬಿಲ್, ಪೆಟ್ರೋಲ್ ರಸೀದಿ, ಇವನ್ನೆಲ್ಲ ಅಷ್ಟು ದಿನವಾದರೂ ಅಳಿಸಬೇಡಿ.